ಮುತ್ತಜ್ಜಿಯ ಹೆಸರೇನು?

ಪ್ರಶ್ನೆ: ನನಗೆ 34 ವರ್ಷ, ಬೆಂಗಳೂರಿನಲ್ಲಿದ್ದೇನೆ. ಹಳೆಯ ಫೋಟೊ, ಬಟ್ಟೆ, ಕಾಗದ, ಬಣ್ಣ ಎಲ್ಲ ಸೇರಿಸಿ ಮಿಕ್ಸೆಡ್ ಮೀಡಿಯಾ ಕಲಾಕೃತಿ ಮಾಡುತ್ತೇನೆ. ಅಪ್ಪನದು ಮಳವಳ್ಳಿ ಕಡೆಯ ಬೇಸಾಯದ ಮನೆ. ಅಮ್ಮ ಕೆಜಿಎಫ್‌ನವರು. ಅಮ್ಮನ ಅಜ್ಜ ಚಿನ್ನದ ಗಣಿಯಲ್ಲಿ ಅಧಿಕಾರಿಯಾಗಿದ್ದ ಇಂಗ್ಲಿಷ್ ಸಾಹೇಬ. ಮುತ್ತಜ್ಜಿ ಅವನ ಬಂಗಲೆಯಲ್ಲಿ ಆಯಾ ಆಗಿದ್ದ ತಮಿಳು ಹೆಂಗಸು. ಮದುವೆ ಆಗಿರಲಿಲ್ಲ. ಅಜ್ಜಿ ತೀರಿಕೊಂಡ ಮೇಲೆ ಅವಳ ಟ್ರಂಕಿನಲ್ಲಿ ಸಾಹೇಬನ ಫೋಟೊ, ಪತ್ರಗಳು ಸಿಕ್ಕವು. ಎರಡು ವರ್ಷ ಕೂತು ಅವುಗಳಿಂದ ಹನ್ನೆರಡು ಕೃತಿ ಮಾಡಿದ್ದೇನೆ. ಇನ್ನು ಮೂರು ತಿಂಗಳಿಗೆ ಪ್ರದರ್ಶನ. ಅಮ್ಮ ‘ಮನೆ ಮಾನ ತಗೊಂಡು ಹೋಗಿ ಗೋಡೆಗೆ ನೇತು ಹಾಕ್ತೀಯಾ?’ ಎಂದವಳು ಮಾತೇ ಬಿಟ್ಟಿದ್ದಾಳೆ. ಇದು ನನ್ನ ಕಥೆಯೂ ಅಲ್ವಾ? — ಹೆಸರು ಬೇಡ

ಉತ್ತರ: ಹೌದಮ್ಮ, ನಿಮ್ಮ ಕಥೆಯೂ ಹೌದು. ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅದು ನಿಮ್ಮ ಕೈಗೆ ಬಂದ ದಾರಿಯೇ ಬೇರೆ, ಅಮ್ಮನ ಪಾಲಿಗೆ ಬಂದ ದಾರಿಯೇ ಬೇರೆ. ನಿಮಗೆ ಅದು ಟ್ರಂಕಿನಲ್ಲಿ ಸಿಕ್ಕಿತು. ಅಮ್ಮನಿಗೆ ಬೀದಿಯಲ್ಲಿ ಸಿಕ್ಕಿರಬೇಕು. ನೀರು ಹಿಡಿಯುವ ನಲ್ಲಿಯ ಹತ್ತಿರ, ಶಾಲೆಯಲ್ಲಿ, ಆಮೇಲೆ ಮದುವೆಯಾಗಿ ಬಂದ ಮನೆಯಲ್ಲಿ. ಅಮ್ಮನನ್ನು ಹುಡುಗರು ‘ಸಟ್ಟೈಕಾರಿ’ (ಆಂಗ್ಲೋ ಇಂಡಿಯನ್ ಹೆಂಗಸರನ್ನು ಹಂಗಿಸುವ ತಮಿಳು ಮಾತು) ಎಂದು ಕೂಗುತ್ತಿದ್ದರಂತೆ ಎಂದು ಪೂರ್ತಿ ಪತ್ರದಲ್ಲಿ ನೀವೇ ಒಂದು ಕಡೆ ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ನಾನು ಅಲ್ಲೇ ನಿಂತೆ. ಅರವತ್ತು ದಾಟಿದ ಹೆಂಗಸು ಮಗಳ ಹತ್ತಿರ ಮಾತು ಬಿಡುವುದು ಸಾಹೇಬನ ಮಾನ ಕಾಯಲಿಕ್ಕಲ್ಲ. ಆ ಕೂಗು ಮತ್ತೆ ಕಿವಿಗೆ ಬೀಳಬಹುದು ಅನ್ನುವ ಭಯಕ್ಕೆ.

ಇನ್ನೊಂದು ವಿಷಯ. ನಿಮ್ಮದು ಆರು ಪುಟದ ಪತ್ರ, ಇಲ್ಲಿ ಚಿಕ್ಕದು ಮಾಡಿ ಹಾಕಿದ್ದೇನೆ. ಅದರಲ್ಲಿ ಸಾಹೇಬನ ಹೆಸರು ಏಳು ಸಲ ಬಂದಿದೆ. ಅವನ ಟೋಪಿ, ಕೈಬರಹ, ಅವನ ಊರು ಎಲ್ಲ ಇದೆ. ಮುತ್ತಜ್ಜಿಯ ಹೆಸರು ಒಂದು ಸಲವೂ ಇಲ್ಲ. ನಿಮ್ಮ ಮೇಲೆ ತಪ್ಪು ಹೊರಿಸಲು ಹೇಳುತ್ತಿಲ್ಲ. ಫೋಟೊ ತೆಗೆಸಿಕೊಂಡವನು, ಪತ್ರ ಬರೆದವನು ಅವನು. ಹಾಗಾಗಿ ಟ್ರಂಕಿನಲ್ಲಿ ಉಳಿದವನೂ ಅವನೇ. ನಮ್ಮ ಸಂವಿಧಾನದ 366ನೇ ವಿಧಿ ಕೂಡ ಆಂಗ್ಲೋ ಇಂಡಿಯನ್ ಯಾರು ಅನ್ನುವುದನ್ನು ಗಂಡಸರ ವಂಶದ ಸಾಲು ಹಿಡಿದೇ ಹೇಳುತ್ತದೆ. ಅಜ್ಜಿಯ ಕಡೆಯಿಂದ ಬಂದ ನೀವು ಆ ಲೆಕ್ಕಕ್ಕೆ ಸೇರುವುದಿಲ್ಲ. ‘ನಾನು ಎಲ್ಲಿಗೂ ಸೇರಿದವಳಲ್ಲ’ ಎಂದು ಬರೆದಿದ್ದೀರಲ್ಲ, ಆ ನೋವಿಗೆ ಇದೂ ಒಂದು ಕಾರಣ ಇರಬಹುದು. ಆದರೆ ನಿಮ್ಮ ಕೆಲಸ ಕಾನೂನಿನ ಸಾಲನ್ನೇ ಹಿಡಿದು ಹೋಗಬೇಕಿಲ್ಲ. ತಮಿಳುನಾಡಿನ ಉತ್ತರ ಆರ್ಕಾಟಿನಿಂದ ಕೂಲಿಗೆ ಬಂದು, ಗಣಿಯ ಲೈನ್ ಮನೆಗಳಲ್ಲಿ ಬದುಕಿದ ಜನರಲ್ಲವಾ ಮುತ್ತಜ್ಜಿಯ ಕಡೆಯವರು? ಹನ್ನೆರಡರಲ್ಲಿ ಅವರಿಗೆ ಎಷ್ಟು ಕೃತಿ ಕೊಟ್ಟಿದ್ದೀರಿ?

ಅಪ್ಪನ ಊರನ್ನೂ ಹೊರಗೇ ಇಟ್ಟಿದ್ದೀರಿ. ‘ಎರಡು ಮನೆಗೂ ಏನೂ ಸಂಬಂಧವಿಲ್ಲ’ ಎಂದಿದ್ದೀರಿ. ಇದೆ! 1902ರಲ್ಲಿ ಶಿವನಸಮುದ್ರದಲ್ಲಿ ಕರೆಂಟ್ ತಯಾರಿಸಿದ್ದೇ ಕೆಜಿಎಫ್ ಗಣಿಗಳಿಗಾಗಿ. ಸುಮಾರು 147 ಕಿಲೋಮೀಟರ್ ತಂತಿ ಎಳೆದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೇಲೆ, 1905ರಲ್ಲಿ. ಮಳವಳ್ಳಿ ತಾಲ್ಲೂಕಿನ ನೀರು ನಿಮ್ಮ ಅಮ್ಮನ ಊರಿನ ಗಣಿ ನಡೆಸಿತ್ತು, ನಿಮ್ಮ ಅಪ್ಪ ಅಮ್ಮ ಹುಟ್ಟುವುದಕ್ಕೆ ಎಷ್ಟೋ ಮೊದಲು. ಇದನ್ನು ಬರೆಯುವಾಗ ನನಗೇ ಖುಷಿಯಾಯಿತು.

ಮನೆಯ ಫೋಟೊಗಳಿಂದ ಕಲೆ ಮಾಡಿದವರಲ್ಲಿ ನೀವು ಮೊದಲಿಗರಲ್ಲ. ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ ಅವರ ತಾಯಿ ಹಂಗೇರಿಯವರು, ತಂದೆ ಪಂಜಾಬಿನ ಸಿಖ್ಖರು. ತಂದೆ ಉಮ್ರಾವ್ ಸಿಂಗ್ ತೆಗೆದ ಮನೆಯವರ ಫೋಟೊಗಳನ್ನು ಅಮೃತಾ ಅವರ ತಂಗಿಯ ಮಗ, ಕಲಾವಿದ ವಿವಾನ್ ಸುಂದರಂ 2001ರ ಹೊತ್ತಿಗೆ ಕಂಪ್ಯೂಟರಿನಲ್ಲಿ ಬೆರೆಸಿ ಹೊಸ ಚಿತ್ರಗಳನ್ನು ಮಾಡಿದರು. ಬೇರೆ ಬೇರೆ ಕಾಲದಲ್ಲಿದ್ದವರು ಅಲ್ಲಿ ಒಂದೇ ಕೋಣೆಯಲ್ಲಿ ಕೂರುತ್ತಾರೆ. ಆದರೆ ಅದು ಹೆಸರಾದ ಮನೆತನ, ಅವರ ಫೋಟೊಗಳಿಗೆ ಅಂಜಿಕೆ ಇರಲಿಲ್ಲ. ನಿಮ್ಮ ಟ್ರಂಕಿಗೆ ಇದೆ. ಅದಕ್ಕೇ ನಿಮ್ಮ ಹೆಜ್ಜೆ ಇನ್ನೂ ಮೆಲ್ಲಗೆ ಇರಬೇಕು.

ಪ್ರದರ್ಶನ ನಿಲ್ಲಿಸಬೇಡಿ. ನಿಲ್ಲಿಸಿದರೆ ಅಮ್ಮನ ಮೇಲೆ ಸಿಟ್ಟು ಉಳಿಯುತ್ತದೆ, ಅದು ಇದಕ್ಕಿಂತ ಕೆಟ್ಟದ್ದು. ಆದರೆ ಈ ವಾರವೇ ಅಮ್ಮನ ಹತ್ತಿರ ಹೋಗಿ. ಕೃತಿಗಳನ್ನು ತೋರಿಸಲು ಹೋಗಬೇಡಿ, ಒಪ್ಪಿಗೆ ಕೇಳಲೂ ಹೋಗಬೇಡಿ. ಟ್ರಂಕನ್ನು ಅವರ ಮುಂದಿಟ್ಟು ಸುಮ್ನೆ ಪಕ್ಕದಲ್ಲಿ ಕೂತುಕೊಳ್ಳಿ. ಅಜ್ಜಿಯ ಸೀರೆ, ರವಿಕೆ ಇದ್ದರೆ ಮೊದಲು ಅದನ್ನು ತೆಗೆಯಿರಿ. ಒಂದೇ ದಿನಕ್ಕೆ ಮಾತು ಬಾರದಿದ್ದರೆ ಮತ್ತೆ ಹೋಗಿ.

ಆಮೇಲೂ ಅಮ್ಮ ಬೇಡವೆಂದರೆ, ಯಾವುದು ಬೇಡ ಎಂದು ಒಂದೊಂದಾಗಿ ಕೇಳಿ. ಅಮ್ಮನ ಮುಖ, ಅಮ್ಮನ ಹೆಸರು ಅವರದು. ಅವರು ಬೇಡವೆಂದರೆ ಗೋಡೆಗೆ ಬರಬಾರದು, ಇದರಲ್ಲಿ ಚೌಕಾಸಿ ಇಲ್ಲ. ಸಾಹೇಬನ ಪತ್ರಗಳಲ್ಲಿ ಮುತ್ತಜ್ಜಿಯ ಬಗ್ಗೆ ಬರೆದ ಸಾಲುಗಳನ್ನೂ ಓದಲು ಬಾರದ ಹಾಗೆ ಮುಚ್ಚಿ. ಅವನು ಕಂಡ ಹಾಗೆ ಅವಳನ್ನು ಊರಿಗೆಲ್ಲ ತೋರಿಸಬೇಕಾಗಿಲ್ಲ. ಉಳಿದದ್ದು ನಿಮ್ಮದು, ಧೈರ್ಯವಾಗಿ ಹಾಕಿ. ಅಂದಹಾಗೆ, ಮೂಲ ಫೋಟೊಗೆ ಅಂಟು ಹಚ್ಚಿಲ್ಲ ತಾನೇ? ಸ್ಕ್ಯಾನ್ ಮಾಡಿ ಆ ಪ್ರತಿಯನ್ನೇ ಬಳಸಿ.

ಅಜ್ಜಿಗೆ ದೀಕ್ಷಾಸ್ನಾನ ಆಗಿದ್ದರೆ ಚರ್ಚಿನ ರಿಜಿಸ್ಟರ್ ನೋಡಬಹುದು. ಆ ಕಾಲದ ಇಂಥ ದಾಖಲೆಗಳ ಪ್ರತಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲೂ ಇವೆ. ಆದರೆ ಇಂಥ ಹುಟ್ಟಿನಲ್ಲಿ ತಾಯಿಯ ಹೆಸರಿನ ಜಾಗ ಖಾಲಿ ಇರುವುದೂ ಉಂಟು. ಅಮ್ಮ ಇನ್ನೂ ನಿಮ್ಮ ಕಣ್ಣೆದುರಿಗಿದ್ದಾರೆ. ಅವರನ್ನೇ ಕೇಳಿ. ಮಾತು ಶುರುವಾದಾಗ ಸಾಹೇಬನ ಸುದ್ದಿ ಎತ್ತದೆ, ‘ನಿಮ್ಮ ಅಜ್ಜಿ ಹೆಸರು ಏನಮ್ಮಾ?’ ಅನ್ನಿ.

ಹೆಸರು ಸಿಕ್ಕರೆ ನನಗೂ ಒಂದು ಸಾಲು ಬರೆಯಿರಿ. ಅಂಕಣದಲ್ಲಿ ಹಾಕುವುದಿಲ್ಲ.