ಫುಟ್‌ಬಾಲ್‌ನಲ್ಲಿ ಎರಡು ಮ್ಯಾಚ್‌ನ ಗೋಲ್ ಕೂಡಿಸಿ ನೋಡೋ ಸೆಮಿಫೈನಲ್, ಫಸ್ಟ್ ಲೆಗ್ (ಮೊದಲ ಮ್ಯಾಚ್) 3-0 ಸೋತಾಗಿದೆ, ರೆಕಾರ್ಡ್ ನೋಡಿದ್ರೆ ಚಾನ್ಸೇ ಇಲ್ಲ, ಪ್ಲೇ-ಆಫ್ ಸೆಮಿಫೈನಲ್‌ನ ಎರಡನೇ ಲೆಗ್ ಟಿಕೆಟ್ ಫ್ರೆಂಡ್‌ಗೆ ಕೊಟ್ಟುಬಿಡ್ಲಾ?

ಕೊಡ್ಬೇಡಿ. 2023ರ ಮೇನಲ್ಲಿ ನಾನು ಇದನ್ನೇ ಮಾಡಿದ್ದೆ. ಆಗ ಶೆಫೀಲ್ಡ್‌ನಲ್ಲಿ ಎಂಎಸ್‌ಸಿ ಮಾಡ್ತಿದ್ದೆ, ರೂಮು ಹಿಲ್ಸ್‌ಬರೋ ಸ್ಟೇಡಿಯಂ ಹತ್ರಾನೇ, ಹಾಗಾಗಿ ಶೆಫೀಲ್ಡ್ ವೆನ್ಸ್‌ಡೇ ನನ್ನ ಟೀಮ್ ಆಗೋಯ್ತು. ಇಂಗ್ಲೆಂಡಿನ ಮೂರನೇ ಹಂತದ ಲೀಗ್ ಒನ್‌ನಲ್ಲಿ 96 ಪಾಯಿಂಟ್ ತಗೊಂಡೂ ಮೂರನೇ ಸ್ಥಾನ, ಮೊದಲೆರಡು ಟೀಮಿಗಷ್ಟೇ ನೇರ ಪ್ರಮೋಷನ್ (ಮೇಲಿನ ಹಂತಕ್ಕೆ ಬಡ್ತಿ), ನಮಗೆ ಪ್ಲೇ-ಆಫ್, ಅಂದ್ರೆ ಮೂರರಿಂದ ಆರನೇ ಸ್ಥಾನದವರು ಉಳಿದ ಒಂದು ಜಾಗಕ್ಕೆ ಆಡೋದು. ಎದುರಿಗೆ 77 ಪಾಯಿಂಟ್‌ನ ಪೀಟರ್‌ಬರೋ, ಆರನೇ ಸ್ಥಾನ. ಅವರ ಊರಿಗೆ ಹೋಗಿ 4-0 ಸೋತ್ವಿ.

ನಾನೂ ರೆಕಾರ್ಡ್ ತೆಗೆದು ನೋಡಿದೆ. 1987ರಿಂದ ನಡೀತಿರೋ ಪ್ಲೇ-ಆಫ್‌ನಲ್ಲಿ ನಾಲ್ಕು ಗೋಲ್ ಹಿಂದೆ ಬಿದ್ದವರು ಯಾರೂ ಎದ್ದು ಬಂದಿರ್ಲಿಲ್ಲ. ಅಷ್ಟು ನೋಡಿದ್ದೇ ತಡ, ಟಿಕೆಟ್ ಕ್ಲಾಸ್‌ಮೇಟ್‌ಗೆ ಕೊಟ್ಟು ಅಸೈನ್‌ಮೆಂಟ್ ಹಿಡ್ಕೊಂಡು ಕೂತೆ.

ಟಿಕೆಟ್ ಕೊಟ್ಟಿದ್ದು ಆಮೇಲಿನ ಮಾತು, ತಪ್ಪು ಆಗಿದ್ದು ಅದಕ್ಕಿಂತ ಮುಂಚೆ. 46 ಮ್ಯಾಚ್ ಆಡಿ ನಾವು ಅವರಿಗಿಂತ 19 ಪಾಯಿಂಟ್ ಮುಂದಿದ್ವಿ, ಅದೂ ಲೆಕ್ಕಾನೇ ತಾನೆ, ಅದನ್ನ ಬಿಟ್ಟು ಒಂದು ರಾತ್ರಿಯ ಲೆಕ್ಕ ಹಿಡ್ಕೊಂಡೆ. ಹಿಂದೆ ಸೋತ ಟೀಮ್‌ಗಳಲ್ಲಿ ಎಷ್ಟಕ್ಕೆ 96 ಪಾಯಿಂಟ್ ಇತ್ತು, ಎರಡನೇ ಲೆಗ್ ಸ್ವಂತ ಗ್ರೌಂಡಲ್ಲಿತ್ತಾ, ಇದ್ಯಾವುದನ್ನೂ ಕೇಳ್ಕೊಳ್ಳಲಿಲ್ಲ. ಯಾರೂ ಮಾಡಿಲ್ಲ ಅನ್ನೋದನ್ನ ಮಾಡೋಕಾಗಲ್ಲ ಅಂತ ಓದ್ಕೊಂಡೆ. ನೀವೂ ಈಗ ಹಾಗೇ ಓದ್ತಿದ್ದೀರ.

ಆ ಗುರುವಾರ ಕಿಟಕಿ ತೆಗೆದಿತ್ತು. ಸ್ಟ್ರೀಮ್ ಅರ್ಧ ನಿಮಿಷ ಲೇಟು, ಫೋನಲ್ಲಿ ಬಾಲ್ ಇನ್ನೂ ಮಿಡ್‌ಫೀಲ್ಡ್‌ನಲ್ಲಿರುವಾಗ್ಲೇ ಹೊರಗಿಂದ ಕೂಗು ಬರೋದು, ಆಮೇಲೆ ಗೋಲ್ ಕಾಣೋದು. ಮೈಕಲ್ ಸ್ಮಿತ್ ಪೆನಾಲ್ಟಿ, ಲೀ ಗ್ರೆಗರಿ, ರೀಸ್ ಜೇಮ್ಸ್, 3-0. 98ನೇ ನಿಮಿಷಕ್ಕೆ ಬಂದ ಕೂಗಿಗೆ ಕಿಟಕಿ ಗಾಜು ಅದುರಿತು, ಲಿಯಾಮ್ ಪಾಮರ್ ಹೊಡೆದಿದ್ದು ನನ್ನ ಫೋನಿಗೆ ಇನ್ನೂ ಬಂದೇ ಇರ್ಲಿಲ್ಲ. ಎರಡೂ ಲೆಗ್ ಸೇರಿ 4-4. ಎಕ್ಸ್‌ಟ್ರಾ ಟೈಮ್‌ನಲ್ಲಿ ಪೀಟರ್‌ಬರೋಗೆ ಒಂದು ಗೋಲ್ ಸಿಕ್ತು, ಕ್ಯಾಲಮ್ ಪ್ಯಾಟರ್ಸನ್ ತಿರುಗಿ ಸಮ ಮಾಡಿದ, ಪೆನಾಲ್ಟಿ ಶೂಟೌಟ್‌ನಲ್ಲಿ 5-3ಕ್ಕೆ ಗೆದ್ದ್ವಿ. ಪ್ಲೇ-ಆಫ್ ಇತಿಹಾಸದ ಅತಿ ದೊಡ್ಡ ಕಮ್‌ಬ್ಯಾಕ್, ನಡೆದುಕೊಂಡು ಹೋಗೋ ದೂರದಲ್ಲಿ, ನನ್ನ ಸೀಟಲ್ಲಿ ಇನ್ನೊಬ್ಬ. ವೆಂಬ್ಲಿ ಫೈನಲ್‌ನಲ್ಲಿ ಬಾರ್ನ್ಸ್‌ಲೀ ಮೇಲೆ 123ನೇ ನಿಮಿಷಕ್ಕೆ ಜಾಶ್ ವಿಂಡಾಸ್ ಹೆಡರ್, 1-0, ಪ್ರಮೋಷನ್.

ಆದ್ರೂ ಇದನ್ನ ಕೇಳಿ ನೀವೂ ಗೆಲ್ತೀರ ಅಂದ್ಕೋಬೇಡಿ. ಅದೇ ಊರಿನ ಶೆಫೀಲ್ಡ್ ಯುನೈಟೆಡ್ 2025ರಲ್ಲಿ ಎರಡನೇ ಹಂತದ ಲೀಗ್‌ನಲ್ಲಿ 90 ಪಾಯಿಂಟ್ ತಗೊಂಡು, ಸೆಮಿಫೈನಲ್‌ನಲ್ಲಿ ಒಟ್ಟು 6-0 ಗೆದ್ದು, ಫೈನಲ್‌ನಲ್ಲಿ 76 ಪಾಯಿಂಟ್‌ನ ಸಂಡರ್‌ಲ್ಯಾಂಡ್ ಕೈಲಿ 95ನೇ ನಿಮಿಷದ ಗೋಲಿಗೆ ಸೋತ್ರು. ಇಷ್ಟು ವರ್ಷದಲ್ಲಿ ಪ್ಲೇ-ಆಫ್ ಮೂಲಕ ಯುನೈಟೆಡ್ ಒಂದ್ಸಲಾನೂ ಮೇಲೆ ಹೋಗಿಲ್ಲ. ಗೆಲ್ಲೋ ಚಾನ್ಸ್ ಲೆಕ್ಕ ಹಾಕಿ ಸ್ಟೇಡಿಯಂಗೆ ಹೋಗೋದಾ ಬೇಡ್ವಾ ಅಂತ ಯೋಚಿಸೋದೇ ಸರಿ ಇಲ್ಲ ಅಂತ ನನ್ನ ವಾದ, ವರ್ಷವೆಲ್ಲ ಜೊತೆಗಿದ್ದ ಟೀಮ್ ಅದು.

ಒಟ್ಟು ಗೋಲ್ ಸಮ ಆದ್ರೆ ಎದುರಾಳಿ ಗ್ರೌಂಡಲ್ಲಿ ಹೊಡೆದ ಗೋಲಿಗೆ ಜಾಸ್ತಿ ಬೆಲೆ ಕೊಡೋ ಅವೇ ಗೋಲ್ ರೂಲೂ ಇಲ್ಲ, ಮೂರು ಅಂದ್ರೆ ಬರೀ ಮೂರು, ಮೊದಲ ಅರ್ಧ ಗಂಟೇಲಿ ಒಂದು ಬಿದ್ರೆ ಎದುರಿನವರ ಕಾಲು ನಡುಗುತ್ತೆ. ಎಕ್ಸ್‌ಟ್ರಾ ಟೈಮ್, ಪೆನಾಲ್ಟಿ ಅಂತ ಹೋದ್ರೆ ರಾತ್ರಿ ಹತ್ತೂಮುಕ್ಕಾಲು ದಾಟುತ್ತೆ, ವಾಪಸ್ ಬರೋಕೆ ಲಾಸ್ಟ್ ಟ್ರೈನ್ ನಂಬ್ಕೋಬೇಡಿ, ಆ ಊರಲ್ಲಿ ಉಳ್ಕೊಳ್ಳೋಕೆ ಈಗ್ಲೇ ಯಾರಿಗಾದ್ರೂ ಹೇಳಿಡಿ.