ನೀವು ಕೇಳಿದ್ರಿ: ರೊಟ್ಟಿ ಹರಿಯೋದು ಯಾಕೆ?

ಪ್ರಶ್ನೆ: ನಾನು ಮೈಸೂರು ಕಡೆಯೋಳು, ಮದ್ವೆ ಆಗಿ ವಿಜಯಪುರಕ್ಕೆ ಬಂದು ಮೂರು ತಿಂಗ್ಳಾಯ್ತು. ಅನ್ನ, ಸಾರು, ಪಲ್ಯ ಎಲ್ಲಾ ಮಾಡ್ತೀನಿ, ಜೋಳದ ರೊಟ್ಟಿ ಮಾತ್ರ ಆಗ್ತಾನೇ ಇಲ್ಲ. ಬಡಿಯೋವಾಗ್ಲೇ ಅಂಚು ಬಿರುಕು ಬಿಡುತ್ತೆ, ಎತ್ತಿ ಹಂಚಿಗೆ ಹಾಕೋಷ್ಟರಲ್ಲಿ ಎರಡು ತುಂಡು. ಅತ್ತೆ ಬೈಯಲ್ಲ, "ಇರ್ಲಿ ಬಿಡವ್ವಾ" ಅಂತ ಹಿಟ್ಟು ತಮ್ಮ ಕಡೆ ಎಳ್ಕೊಂಡು ತಾವೇ ಬಡಿದುಬಿಡ್ತಾರೆ, ಬೈದಿದ್ರೇ ಚೆನ್ನಾಗಿತ್ತು ಅನ್ಸುತ್ತೆ. ಯೂಟ್ಯೂಬಲ್ಲಿ ಇಪ್ಪತ್ತು ವಿಡಿಯೋ ನೋಡಿದ್ದಾಯ್ತು. ಇದು ಚಿಕ್ಕಂದಿನಿಂದ್ಲೇ ಬರ್ಬೇಕಾ?
— ಹೊಸ ಸೊಸೆ, ವಿಜಯಪುರ

ಉತ್ತರ: ಚಿಕ್ಕಂದಿನಿಂದ ಬರ್ಬೇಕು ಅಂತಿದ್ರೆ ನಾನು ಇವತ್ತಿಗೂ ರೊಟ್ಟಿ ಅಂಗಡಿಯಿಂದ್ಲೇ ತರ್ಬೇಕಿತ್ತು ಕಣಮ್ಮ, ನಾನೂ ಹಾಸನದ ಕಡೆಯೋಳೇ, ಯಜಮಾನ್ರಿಗೆ ಗದಗಿಗೆ ಟ್ರಾನ್ಸ್‌ಫರ್ ಆದಾಗ ನಂಗೆ ಅಕ್ಕಿರೊಟ್ಟಿ ಬಿಟ್ರೆ ಬೇರೆ ರೊಟ್ಟಿ ಗೊತ್ತಿರ್ಲಿಲ್ಲ. ಮೊದ್ಲು ನಿಮ್ಮ ಕೈ ಮೇಲಿನ ಆಪಾದನೆ ತೆಗೀರಿ, ಹಿಟ್ಟು ನೋಡಿ. ಪ್ಯಾಕೆಟ್ ಹಿಟ್ಟಾ? ಬೀಸಿ ಎಷ್ಟು ದಿನ ಆಗಿದೆ? ಜೋಳದಲ್ಲಿ ಗೋಧಿ ತರ ಅಂಟು ಇರಲ್ಲ, ಹಿಟ್ಟು ಹಳೇದಾದಷ್ಟೂ ಇರೋ ಚೂರು ಜಿಗಿನೂ ಹೋಗುತ್ತೆ, ಆಮೇಲೆ ಎಂಥ ಕೈಗೂ ಬಗ್ಗಲ್ಲ. ನಿಮ್ಮೂರಲ್ಲಿ ಒಳ್ಳೇ ಮಾಲದಂಡಿ ಬಿಳಿಜೋಳ ಸಿಗುತ್ತೆ, ಎರಡೇ ಕೆಜಿ ಗಿರಣಿಗೆ ಹಾಕ್ಸಿ, ಹತ್ತು ಹದಿನೈದು ದಿನದಲ್ಲಿ ಖಾಲಿ ಮಾಡಿ.

ಎರಡನೇದು ಎಸರು. ಬಿಸಿನೀರು ಅಂದ್ರೆ ಉಗುರುಬೆಚ್ಚಗೆ ಅಲ್ಲ, ಕೊತ ಕೊತ ಕುದೀತಿರ್ಬೇಕು. ಆ ಬಿಸಿಗೇ ಹಿಟ್ಟು ಅರ್ಧ ಬೆಂದು ಗಂಜಿ ತರ ಅಂಟು ಬಿಡೋದು, ಗೋಧಿಗೆ ಹುಟ್ಟಿನಿಂದ್ಲೇ ಇರೋ ಅಂಟನ್ನ ಜೋಳಕ್ಕೆ ನಾವು ಎಸರಲ್ಲಿ ತಂದ್ಕೊಡ್ಬೇಕು ಅಷ್ಟೇ. ಹಿಟ್ಟಿನ ನಡುವೆ ಗುಳಿ ಮಾಡಿ ಸುರಿದು ಚಮಚದಲ್ಲಿ ಕಲಸಿ, ಕೈ ತಡೆಯೋಷ್ಟು ಬಿಸಿ ಇರೋವಾಗ್ಲೇ ನಾದ್ಬೇಕು. ಮತ್ತೆ ಎಲ್ಲಾ ಒಂದೇ ಸಲ ನಾದಿ ಉಂಡೆ ಕಟ್ಟಿ ಸಾಲಾಗಿ ಇಡೋದು ಚಪಾತಿಯೋರ ಅಭ್ಯಾಸ, ಇಲ್ಲಿ ಹಾಗಲ್ಲ, ಒಂದೊಂದು ರೊಟ್ಟಿಗೂ ಅಷ್ಟಷ್ಟೇ ಹಿಟ್ಟು ತಗೊಂಡು ನೀರು ಮುಟ್ಟಿಸಿ ಅಂಗೈ ಬುಡದಲ್ಲಿ ಒತ್ತಿ ಒತ್ತಿ ಇನ್ನೊಮ್ಮೆ ನಾದಿ ಆಗಿಂದಾಗ್ಲೇ ಬಡೀಬೇಕು. ಅಂಚು ಬಿರುಕು ಬಿಟ್ರೆ ನಾದಿದ್ದು ಸಾಲ್ಲಿಲ್ಲ ಇಲ್ಲಾ ನೀರು ಕಮ್ಮಿ. ಎತ್ತೋವಾಗ ಹರಿದ್ರೆ ಅಡಿಗೆ ಉದುರಿಸಿದ ಒಣಹಿಟ್ಟು ಸಾಲದೆ ಕಚ್ಕೊಂಡಿದೆ ಅಂತ. ನಿಮ್ದು ಎರಡೂ ಇದೆ, ಒಂದೇ ದಿನ ಎರಡನ್ನೂ ಸರಿ ಮಾಡೋಕೆ ಹೋಗ್ಬೇಡಿ, ಈ ವಾರ ಬರೀ ನಾದೋದ್ರ ಮೇಲೆ ಗಮನ ಇಡಿ.

ನಂಗೆ ಕಲಿಸಿದ್ದು ಪಕ್ಕದ ಮನೆ ಅಜ್ಜಿ. ಮೊದಲ ದಿನ ಅವರು ಒಲೆನೇ ಹಚ್ಚಿಸ್ಲಿಲ್ಲ! ಒಂದು ಉಂಡೆ ಕೊಟ್ಟು ಬಡಿ ಅಂದ್ರು, ಬಡಿದೆ, ಹರೀತು. ಮುದ್ದೆ ಮಾಡಿ ನೀರು ಹಚ್ಚಿ ಮತ್ತೆ ನಾದು ಅಂದ್ರು. ಅದೇ ಉಂಡೆನ ಎಂಟೋ ಹತ್ತೋ ಸಲ ಬಡಿದಿದೀನಿ, ಹಿಟ್ಟು ಒಂದು ಚಿಟಿಕೆ ದಂಡ ಆಗ್ಲಿಲ್ಲ, ಹಂಚಿನ ಗಡಿಬಿಡಿ ಇಲ್ಲ, ಊಟಕ್ಕೆ ಕಾಯೋರೂ ಇಲ್ಲ. ಐದಾರನೇ ಸಲಕ್ಕೆ "ಕೈಯಾಗ ಜೋರು ಹಾಕ್ಬ್ಯಾಡ, ರೊಟ್ಟಿ ತಿರುಗ್ಬೇಕು" ಅಂದ್ರು, ನೋಡಿದ್ರೆ ನಿಜ, ನಾನು ಮಧ್ಯಕ್ಕೇ ಗುದ್ದುತಾ ಇದ್ದೆ. ಬೆರಳು ಜೋಡಿಸಿ ಅಂಚಿನ ಹತ್ರ ಹಗುರಾಗಿ ತಟ್ಟಿದ್ರೆ ಆ ಏಟಿಗೇ ರೊಟ್ಟಿ ತಾನಾಗೇ ತಿರುಗ್ತಾ ಹೋಗುತ್ತೆ, ಆಗ ಬರೋ ಟಪ್ ಟಪ್ ಸದ್ದೇ ಬೇರೆ. ವಿಡಿಯೋದಲ್ಲಿ ಅದು ಕಾಣುತ್ತೆ, ಆದ್ರೆ ಏಟು ಎಷ್ಟು ಹಗುರ ಅನ್ನೋದು ಹೇಗೆ ಕಾಣುತ್ತೆ ಹೇಳಿ? ನೀವೂ ಮಧ್ಯಾಹ್ನ ಎಲ್ಲರ ಊಟ ಆದ್ಮೇಲೆ ಒಂದು ಉಂಡೆ ಇಟ್ಕೊಂಡು ಕೂತ್ಕೊಳ್ಳಿ.

ಹಂಚಿಗೆ ಹಾಕಿದ ಕೂಡ್ಲೇ ಮೇಲಿನ ಒಣಹಿಟ್ಟು ಹೋಗೋ ಹಾಗೆ ಒದ್ದೆ ಬಟ್ಟೆ ಸವರಿ, ಆ ಪಸೆ ಪೂರ್ತಿ ಆರೋಕೆ ಮುಂಚೆ ತಿರುವಿ ಹಾಕಿ. ತಡ ಮಾಡಿದ್ರೆ ಮೇಲ್ಪದರ ಒಣಗಿ ಸೀಳುತ್ತೆ, ಆವಿ ಅಲ್ಲಿಂದ್ಲೇ ಹೋಗ್ಬಿಡುತ್ತೆ, ಉಬ್ಬೋದೆಲ್ಲಿ ಬಂತು.

ಮುರಿದಿದ್ದನ್ನ ಬಚ್ಚಿಡ್ಬೇಡಿ (ನಾನು ಬೀದಿ ಹಸುವಿಗೆ ಹಾಕಿ ಸಿಕ್ಕಿಬಿದ್ದಿದೀನಿ). ಬಿಸಿ ಇರೋವಾಗ್ಲೇ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಜೀರಿಗೆ, ಉಪ್ಪು ಹಾಕಿ ಕುಟ್ಟಿ, ಎಣ್ಣೆ ಬಿಟ್ಟು ಮುಷ್ಟೀಲಿ ಹಿಡಿದ್ರೆ ಮುಟಗಿ ಆಯ್ತು. ಅತ್ತೆಗೆ ಒಂದು ಮಾತು ಹೇಳಿ, ದಿನಾ ಕೊನೇ ಎರಡು ರೊಟ್ಟಿ ನಂಗೆ ಬಿಡಿ, ಹೆಂಗಾದ್ರೂ ಆಗ್ಲಿ ನಾನೇ ತಿಂತೀನಿ ಅಂತ. ಬೇಡ ಅನ್ನೋ ಅತ್ತೆ ತರ ಕಾಣ್ತಿಲ್ಲ ಅವರು.

ಪ್ರಶ್ನೆ: ಮಂಡ್ಯದೋನು, ಪುಣೆಯಲ್ಲಿ ಪಿಜಿ ಬಿಟ್ಟು ರೂಮ್ ಮಾಡಿದೀನಿ. ಮುದ್ದೆ ಮಾಡಿದ್ರೆ ಒಳಗಡೆ ಬರೀ ಗಂಟು, ಒಡೆದ್ರೆ ಹಸಿಹಿಟ್ಟು. ಅಮ್ಮ ಫೋನಲ್ಲಿ "ಅಂದಾಜು ನೋಡ್ಕೊಂಡು ಹಾಕಪ್ಪ" ಅಂತಾರೆ, ನಂಗೆ ಅಂದಾಜೇ ಇಲ್ವಲ್ಲ!
— ಹಸಿದ ಹುಡುಗ, ಪುಣೆ

ಉತ್ತರ: ಅಮ್ಮಂದಿರ ಅಂದಾಜು ಮೂವತ್ತು ವರ್ಷದ್ದು ಮಗಾ, ನಿಂಗೆ ಸದ್ಯಕ್ಕೆ ಲೋಟ ಸಾಕು. ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು, ಅದ್ರಲ್ಲೇ ಒಂದು ಚಮಚ ಹಿಟ್ಟು ತಣ್ಣೀರಲ್ಲಿ ಕದಡಿ ಮೊದ್ಲೇ ಹಾಕಿ ಕುದಿಸು. ಉಕ್ಕು ಬಂದಾಗ ಉಳಿದ ಹಿಟ್ಟನ್ನ ನಡುವೆ ಗುಡ್ಡೆ ತರ ಸುರಿ, ತಿರುವೋಕೆ ಹೋಗ್ಬೇಡ. ನಿನ್ನ ತಪ್ಪು ಇರೋದೇ ಇಲ್ಲಿ ಅನ್ಸುತ್ತೆ, ಹಿಟ್ಟು ಬಿದ್ದ ತಕ್ಷಣ ಗಾಬರಿಯಿಂದ ತಿರುವಿದ್ರೆ ಹೊರಗಡೆ ಬೆಂದು ಒಳಗೆ ಒಣಹಿಟ್ಟು ಸಿಕ್ಕಾಕೊಂಡು ಅದೇ ಗಂಟಾಗೋದು. ಕೋಲಲ್ಲಿ ನಡುವೆ ಒಂದು ತೂತು ಮಾಡಿ ಸಣ್ಣ ಉರೀಲಿ ನಾಲ್ಕೈದು ನಿಮಿಷ ಬಿಡು, ಗುಡ್ಡೆ ಸುತ್ತ ನೀರು ಕುದ್ದು ಮೇಲೆ ಬರ್ಲಿ. ಆಮೇಲೆ ಇಳಿಸಿ ಪಾತ್ರೆನ ಕಾಲಲ್ಲಿ ಅದುಮಿ ಹಿಡಿದು (ಬಟ್ಟೆ ಮಡಚಿ ಅಡ್ಡ ಇಟ್ಕೋ, ಸುಟ್ಕೊಂಡು ನನ್ನ ಬೈಬೇಡ) ಕೋಲನ್ನ ಪಾತ್ರೆ ಗೋಡೆಗೆ ಒತ್ತಿ ಒತ್ತಿ ತಿರುವು, ಮತ್ತೆ ಎರಡು ನಿಮಿಷ ಒಲೆ ಮೇಲಿಟ್ಟು ಮುಚ್ಚು. ಒದ್ದೆ ಕೈಗೆ ಅಂಟದಿದ್ರೆ ಬೆಂದಿದೆ. ಲಟ್ಟಣಿಗೆ ಇದ್ರೂ ನಡೆಯುತ್ತೆ, ಊರಿಗೆ ಹೋದಾಗ ಮುದ್ದೆಕೋಲು ತಗೊಂಡು ಬಾ.

ಪ್ರಶ್ನೆ: ಸೀರೆಗೆ ಫಾಲ್ ನಾನೇ ಹಾಕ್ದೆ, ಒಂದು ಸಲ ಒಗೆದಿದ್ದಕ್ಕೇ ಅಂಚೆಲ್ಲಾ ಸುಕ್ಕು ಸುಕ್ಕು. ಹೊಲಿಗೆ ಸರಿ ಇಲ್ವಾ?
— ಶಿವಮೊಗ್ಗ

ಉತ್ತರ: ಹೊಲಿಗೆ ಸರಿ ಇರ್ಬೋದು, ಫಾಲ್ ಕುಗ್ಗಿದೆ. ಕಾಟನ್ ಫಾಲನ್ನ ರಾತ್ರಿ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಹಾಕಿ ಆಮೇಲೆ ಹೊಲೀಬೇಕು. ಈಗ ಬೇರೆ ದಾರಿ ಇಲ್ಲ, ಬಿಚ್ಚಿ, ಅದೇ ಫಾಲನ್ನ ಇಸ್ತ್ರಿ ಮಾಡಿ ಮತ್ತೆ ಹಾಕಿ, ಅದು ಕುಗ್ಗೋದೆಲ್ಲಾ ಈಗಾಗ್ಲೇ ಕುಗ್ಗಿ ಆಗಿರುತ್ತೆ.