ಶೇಕಡಾ 35ರಲ್ಲಿ ನಿಂತಿತೆಂದು ಪ್ಲಗ್ ಕೀಳಬೇಡಿ

ಓದುಗರ ಪ್ರಶ್ನೆಗೆ ತಜ್ಞರ ಉತ್ತರ

2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಬೆಂಬಲವನ್ನು ಮೈಕ್ರೋಸಾಫ್ಟ್ ನಿಲ್ಲಿಸಿತು. ಅಂದಿನಿಂದ ಈ ಅಂಕಣಕ್ಕೆ, ವಿಂಡೋಸ್ 11ರ ಅಪ್‌ಗ್ರೇಡ್ ನಡುವೆಯೇ ನಿಂತಿತು, ಏನು ಮಾಡಲಿ ಎಂಬ ಒಂದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತಿದೆ. ಅದಕ್ಕೆ ಈ ಸಲ ವಿವರವಾಗಿ ಉತ್ತರಿಸುತ್ತೇನೆ. ಉಳಿದವಕ್ಕೆ ಒಂದೆರಡು ಮಾತು ಸಾಕು. ಬ್ಯಾಕಪ್ ತೆಗೆದಿಟ್ಟುಕೊಳ್ಳಿ, ಲ್ಯಾಪ್‌ಟಾಪಿಗೆ ಚಾರ್ಜರ್ ಸಿಕ್ಕಿಸಿ ಎಂಬುದನ್ನೆಲ್ಲ ಮತ್ತೆ ಹೇಳುವುದಿಲ್ಲ.

ನನ್ನದು ಲೆಕ್ಕಪತ್ರದ ಕೆಲಸಕ್ಕೆ ಬಳಸುವ ಕಂಪ್ಯೂಟರ್. ವಿಂಡೋಸ್ 11ಕ್ಕೆ ಅಪ್‌ಗ್ರೇಡ್ ಮಾಡುವಾಗ ಒಮ್ಮೆ ರೀಸ್ಟಾರ್ಟ್ ಆಗಿ, ಶೇ 35ರಲ್ಲಿ ಎರಡು ಗಂಟೆ ನಿಂತಿತು. ಪ್ಲಗ್ ಕಿತ್ತು ಮತ್ತೆ ಹಾಕಿದೆ. ಹಳೆಯ ವಿಂಡೋಸ್‌ಗೇ ಮರಳಿ, ಸಿ1900101 ಮತ್ತು 30018 ಎಂಬ ಸಂಖ್ಯೆಗಳನ್ನು ತೋರಿಸಿತು. ಎರಡನೇ ಸಲವೂ ಹೀಗೇ ಆಯಿತು. ಫಾರ್ಮ್ಯಾಟ್ ಒಂದೇ ದಾರಿ ಎಂದು ಅಂಗಡಿಯವರು ಹೇಳುತ್ತಾರೆ. — ದಾವಣಗೆರೆಯ ಓದುಗರು

ಫಾರ್ಮ್ಯಾಟ್ ಮಾಡಿಸಬೇಡಿ. ಎಲ್ಲ ಕಾಯಿಲೆಗೂ ಅದೊಂದೇ ಮದ್ದು ಎನ್ನುವವರು ಕಾಯಿಲೆ ಏನೆಂದು ನೋಡಿಯೇ ಇರುವುದಿಲ್ಲ. ನಿಮ್ಮ ಕಂಪ್ಯೂಟರ್ ತನ್ನ ತೊಂದರೆಯನ್ನು ಆ ಎರಡು ಸಂಖ್ಯೆಗಳಲ್ಲಿ ಸ್ಪಷ್ಟವಾಗಿ ಹೇಳಿದೆ, ಯಾರೂ ಓದಿಲ್ಲ ಅಷ್ಟೆ.

ಮೊದಲು ಶೇಕಡಾವಾರಿನ ವಿಷಯ. ಪರದೆಯ ಮೇಲಿನ ಆ ಅಂಕಿ ಸಮಯವನ್ನು ತೋರಿಸುವುದಿಲ್ಲ. ಎಷ್ಟು ಹಂತ ಮುಗಿಯಿತು ಎಂಬುದನ್ನಷ್ಟೇ ಎಣಿಸುತ್ತದೆ. ಯಂತ್ರದ ಭಾಗಗಳನ್ನು ನಡೆಸುವ ಸಣ್ಣ ತಂತ್ರಾಂಶಗಳಾದ ಡ್ರೈವರ್‌ಗಳನ್ನು ಹೂಡುವುದು, ನಿಮ್ಮ ಪ್ರೋಗ್ರಾಂಗಳನ್ನು ಹೊಸ ವಿಂಡೋಸ್‌ಗೆ ಸಾಗಿಸುವುದು ಇಂಥ ಒಂದೊಂದು ಕೆಲಸವೂ ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ ಗಂಟೆಗಟ್ಟಲೆ ಹಿಡಿಯಬಹುದು. ಅಷ್ಟು ಹೊತ್ತೂ ಅಂಕಿ ಕದಲುವುದಿಲ್ಲ. ಆದ್ದರಿಂದ ಅಂಕಿಯನ್ನು ಬಿಟ್ಟು ಡಿಸ್ಕ್ ದೀಪವನ್ನು ನೋಡಿ. ಕ್ಯಾಬಿನೆಟ್‌ನ ಮುಂಭಾಗದಲ್ಲಿ ಪವರ್ ಬಟನ್ ಪಕ್ಕದ ಆ ಸಣ್ಣ ದೀಪ ಆಗಾಗ ಮಿನುಗುತ್ತಿದ್ದರೆ ಕೆಲಸ ನಡೆಯುತ್ತಿದೆ ಎಂದರ್ಥ, ಮುಟ್ಟಬೇಡಿ. ದೀಪವಿಲ್ಲದಿದ್ದರೆ ಕ್ಯಾಬಿನೆಟ್‌ಗೆ ಕಿವಿ ಕೊಟ್ಟು ಕೇಳಿ. ಓದುತ್ತಿರುವ ಹಾರ್ಡ್ ಡಿಸ್ಕ್ ಕಿರುಗುಟ್ಟುವುದು ಕೇಳಿಸುತ್ತದೆ. ದೀಪವೂ ಸತ್ತು, ಸದ್ದೂ ಇಲ್ಲದೆ, ಅಂಕಿಯೂ ನಾಲ್ಕು ಗಂಟೆ ಅಲುಗದಿದ್ದರೆ ಮಾತ್ರ ಪವರ್ ಬಟನ್ ಅನ್ನು ಹತ್ತು ಸೆಕೆಂಡು ಒತ್ತಿ ಹಿಡಿಯಿರಿ. ಪ್ಲಗ್ ಕೀಳುವುದು ಬೇಡವೇ ಬೇಡ. ನನ್ನ ಅಭ್ಯಾಸವೆಂದರೆ ರಾತ್ರಿ ಹಚ್ಚಿಟ್ಟು ಬೆಳಿಗ್ಗೆಯವರೆಗೆ ಬಿಟ್ಟುಬಿಡುವುದು. ಕರೆಂಟು ಹೋಗುವ ಊರಾದರೆ ಯುಪಿಎಸ್ ಇಲ್ಲದೆ ಡೆಸ್ಕ್‌ಟಾಪ್‌ನಲ್ಲಿ ಈ ಕೆಲಸಕ್ಕೆ ಕೈ ಹಾಕಲೇಬಾರದು.

ಇನ್ನೊಂದು ಎಚ್ಚರಿಕೆ ಇದಕ್ಕಿಂತ ಮುಖ್ಯ. ಹಿಂದಿನ ಆವೃತ್ತಿಗೆ ಮರಳುತ್ತಿದ್ದೇನೆ ಎಂದು ಪರದೆ ಹೇಳುತ್ತಿರುವಾಗ ವಿದ್ಯುತ್ ಕಡಿಯಬೇಡಿ. ಅಪ್‌ಗ್ರೇಡ್ ನಡುವೆ ಕೆಟ್ಟರೂ ಹಳೆಯ ವಿಂಡೋಸ್ ಡಿಸ್ಕ್‌ನಲ್ಲಿ ಹಾಗೇ ಇರುತ್ತದೆ. ಅದನ್ನು ಸ್ವಸ್ಥಾನಕ್ಕೆ ತರುವ ಹೊತ್ತಿನಲ್ಲಿ ಕೈ ಹಾಕಿದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ ಎಂಬ ಸ್ಥಿತಿ. ಫಾರ್ಮ್ಯಾಟ್ ಮಾಡಬೇಕಾಗಿ ಬರುವುದು ಬಹುಮಟ್ಟಿಗೆ ಹೀಗೆಯೇ.

ಈಗ ನಿಮ್ಮ ಸಂಖ್ಯೆಗಳು. ಎರಡಕ್ಕೂ ಮುಂದೆ ಸೊನ್ನೆ ಮತ್ತು ಎಕ್ಸ್ ಇರುತ್ತವೆ, ಅವನ್ನು ಬಿಡಿ. ಸಿ1900101 ಎಂದರೆ ಅಪ್‌ಗ್ರೇಡ್ ವಿಫಲವಾಗಿ ಹಿಂದಕ್ಕೆ ಮರಳಿದೆ, ಬಹುಪಾಲು ಡ್ರೈವರ್‌ನಿಂದ. ಆದರೆ ನಿಜವಾದ ಸುಳಿವು ಇರುವುದು ಎರಡನೇ ಸಂಖ್ಯೆಯ ಮೊದಲ ಅಂಕಿಯಲ್ಲಿ. 1 ಇದ್ದರೆ ಹಳೆಯ ವಿಂಡೋಸ್ ಇನ್ನೂ ಓಡುತ್ತಿದ್ದಾಗಲೇ ಕೆಟ್ಟಿತು. 2 ಇದ್ದರೆ ರೀಸ್ಟಾರ್ಟ್ ಆದ ಮೇಲೆ ಹೊಸ ಕಡತಗಳನ್ನು ಬಿಚ್ಚಿ ಕೂರಿಸುವ ಹಂತದಲ್ಲಿ. 3 ಇದ್ದರೆ ಹೊಸ ವಿಂಡೋಸ್ ಮೊದಲ ಸಲ ಕಣ್ಣು ಬಿಟ್ಟು ನಿಮ್ಮ ಯಂತ್ರದ ಭಾಗಗಳನ್ನು ಗುರುತಿಸುವಾಗ. 4 ಇದ್ದರೆ ಕೊನೆಯ ಹಂತದಲ್ಲಿ. ನಿಮ್ಮದು 3. ರೀಸ್ಟಾರ್ಟ್ ಆದ ಮೇಲೆ 35ರಲ್ಲಿ ನಿಂತಿತು ಎಂಬ ನಿಮ್ಮ ಮಾತಿಗೂ ಇದು ಹೊಂದುತ್ತದೆ. 30018 ಎಂದರೆ ಯಾವುದೋ ಒಂದು ಡ್ರೈವರ್, ಸೆಟಪ್ ಕೇಳಿದ್ದಕ್ಕೆ ಉತ್ತರ ಕೊಡದೆ ಕೂತಿದೆ.

ಲೆಕ್ಕಪತ್ರದ ಕಂಪ್ಯೂಟರ್ ಎಂದಿರಿ. ಹಾಗಿದ್ದರೆ ಹಿಂಭಾಗದಲ್ಲಿ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್, ಸಾಫ್ಟ್‌ವೇರ್‌ನ ಡಾಂಗಲ್, ಪ್ರಿಂಟರ್, ಸ್ಕ್ಯಾನರ್ ಇವುಗಳಲ್ಲಿ ಎರಡು ಮೂರಾದರೂ ಸಿಕ್ಕಿಕೊಂಡಿರುತ್ತವೆ. ಎಲ್ಲವನ್ನೂ ಕಿತ್ತಿಡಿ. ಮೌಸ್, ಕೀಬೋರ್ಡ್, ಮಾನಿಟರ್ ಮೂರೇ ಇರಲಿ. ಟೋಕನ್‌ನ ಸಾಫ್ಟ್‌ವೇರ್ ಎಷ್ಟೋ ವರ್ಷ ಹಳೆಯದಾಗಿದ್ದರೆ ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ತೆಗೆದುಹಾಕಿ. ಅಪ್‌ಗ್ರೇಡ್ ಆದ ಮೇಲೆ ಹೊಸದನ್ನು ಹಾಕಿಕೊಳ್ಳಬಹುದು. ದುಡ್ಡು ಕೊಟ್ಟು ಕೊಂಡ ಆಂಟಿವೈರಸ್ ಇದ್ದರೆ ಅದನ್ನೂ ತೆಗೆಯಿರಿ. ಸ್ವಲ್ಪ ಹೊತ್ತು ನಿಷ್ಕ್ರಿಯಗೊಳಿಸಿದರೆ ಸಾಲದು, ಅದರ ಡ್ರೈವರ್‌ಗಳು ಒಳಗೇ ಉಳಿಯುತ್ತವೆ. ಡಿಸ್‌ಪ್ಲೇ, ಚಿಪ್‌ಸೆಟ್, ವೈಫೈ ಡ್ರೈವರ್‌ಗಳನ್ನು ಯಂತ್ರ ತಯಾರಿಸಿದ ಕಂಪನಿಯ ತಾಣದಿಂದ ಮಾತ್ರ ತನ್ನಿ. ಒಂದೇ ಒತ್ತಿಗೆ ಎಲ್ಲ ಡ್ರೈವರ್ ಸರಿಮಾಡುತ್ತೇವೆ ಎನ್ನುವ ತಂತ್ರಾಂಶಗಳನ್ನು ಹತ್ತಿರ ಸೇರಿಸಬೇಡಿ. ಅವು ಹೊಂದದ ಡ್ರೈವರ್ ತಂದು ತುರುಕಿ ಇದೇ ತೊಂದರೆಯನ್ನು ಹುಟ್ಟಿಸುತ್ತವೆ.

ಆಮೇಲೆ ವಿಂಡೋಸ್ ಅಪ್‌ಡೇಟ್ ಮೂಲಕ ಹೋಗದೆ ಮೈಕ್ರೋಸಾಫ್ಟ್ ತಾಣದಿಂದ ಐಎಸ್‌ಒ, ಅಂದರೆ ವಿಂಡೋಸ್ 11ರ ಪೂರ್ತಿ ಸೆಟಪ್ ಇರುವ ಕಡತವನ್ನು ಇಳಿಸಿಕೊಳ್ಳಿ. ಹಳೆಯ ವಿಂಡೋಸ್ ಓಡುತ್ತಿರುವಾಗಲೇ ಅದನ್ನು ತೆರೆದು ಸೆಟಪ್ ಶುರುಮಾಡಿ, ಕಡತ ಮತ್ತು ಆ್ಯಪ್‌ಗಳನ್ನು ಉಳಿಸಿಕೊಳ್ಳುವ ಆಯ್ಕೆ ಮಾಡಿ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದರೆ ಪ್ರೋಗ್ರಾಂಗಳು ಉಳಿಯುವುದಿಲ್ಲ. ಸೆಟಪ್ ವೇಳೆ ಇಂಟರ್ನೆಟ್ ಕಿತ್ತುಹಾಕಿ ಎಂಬ ಸಲಹೆ ಎಲ್ಲೆಡೆ ಓಡಾಡುತ್ತಿದೆ. ನಿಮ್ಮ ಪ್ರಕರಣದಲ್ಲಿ ಅದು ತಪ್ಪು. ಶುರುವಿನಲ್ಲಿ ಅಪ್‌ಡೇಟ್ ಇಳಿಸಿಕೊಳ್ಳಲು ಬಿಟ್ಟರೆ ಹೊಸ ಡ್ರೈವರ್‌ಗಳೂ ಜೊತೆಗೇ ಬರುತ್ತವೆ. ಆ ಅಪ್‌ಡೇಟ್ ಇಳಿಯುವಾಗಲೇ ನಿಂತುಹೋಗುವವರು ಮಾತ್ರ ‘ನಾಟ್ ರೈಟ್ ನೌ’ ಒತ್ತಲಿ.

ಮತ್ತೆ ಕೈಕೊಟ್ಟರೆ ಊಹೆಗೆ ಇಳಿಯದೆ ಲಾಗ್ ಓದಿ. ಸಿ ಡ್ರೈವ್‌ನಲ್ಲಿ ಡಾಲರ್ ಗುರುತಿನಿಂದ ಶುರುವಾಗಿ ಬಿಟಿ ಎಂದು ಮುಗಿಯುವ ಅಡಗಿದ ಫೋಲ್ಡರ್ ಇದೆ. ಅದರೊಳಗಿನ ಸೋರ್ಸಸ್‌ನಲ್ಲಿ ಪ್ಯಾಂಥರ್ ಎಂಬುದರೊಳಗೆ ಸೆಟಪ್‌ನ ದಿನಚರಿಯೇ ಇರುತ್ತದೆ. ಅಷ್ಟು ಓದುವ ತಾಳ್ಮೆ ಇಲ್ಲದವರಿಗೆ ಮೈಕ್ರೋಸಾಫ್ಟ್‌ನದೇ ಸೆಟಪ್‌ಡಯಾಗ್ ಎಂಬ ಉಚಿತ ಸಲಕರಣೆ ಇದೆ. ಲಾಗ್‌ಗಳನ್ನು ತಾನೇ ಓದಿ, ಕಾರಣ ಗೊತ್ತಾದರೆ ಅದನ್ನು ಬರೆದುಕೊಡುತ್ತದೆ. ಬಹಳ ಸಲ ಡ್ರೈವರ್‌ನ ಕಡತದ ಹೆಸರೇ ಸಿಗುತ್ತದೆ. ಅಂಗಡಿಯವರಿಗೆ ಆ ಹೆಸರು ತೋರಿಸಿ, ಇದನ್ನು ತೆಗೆಯಿರಿ ಎನ್ನಿ.

ವಿಂಡೋಸ್ 11ಕ್ಕೆ ಬೇಕಾದ ಟಿಪಿಎಂ ಎಂಬ ಭದ್ರತಾ ವ್ಯವಸ್ಥೆ ಇಲ್ಲ ಎನ್ನುತ್ತದೆ. ಹೊಸ ಕಂಪ್ಯೂಟರ್ ಕೊಳ್ಳಬೇಕೇ?

ಮೊದಲು ಬಯೋಸ್‌ನಲ್ಲಿ, ಅಂದರೆ ವಿಂಡೋಸ್ ಏಳುವ ಮುನ್ನ ತೆರೆಯುವ ಸೆಟ್ಟಿಂಗ್ ಪರದೆಯಲ್ಲಿ ನೋಡಿ. ಇಂಟೆಲ್‌ನಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಎಂಬ ಹೆಸರಿನಲ್ಲಿ ಎಷ್ಟೋ ಸಲ ಅದು ಆಫ್ ಆಗಿ ಕೂತಿರುತ್ತದೆ. ಅದೇ ಭರದಲ್ಲಿ ಬೂಟ್ ಆಗುವ ವಿಧಾನವನ್ನು ಹಳೆಯ ಲೆಗಸಿಯಿಂದ ಹೊಸ ಯುಇಎಫ್‌ಐಗೆ ಬದಲಿಸಿ, ಈಗ ಕಂಪ್ಯೂಟರ್ ಏಳುತ್ತಲೇ ಇಲ್ಲ ಎಂದು ಬರೆದವರಿಗೆ: ಲೆಗಸಿಗೆ ಮರಳಿಸಿ, ಏಳುತ್ತದೆ. ಡಿಸ್ಕನ್ನು ಎಂಬಿಆರ್ ಎಂಬ ಹಳೆಯ ವಿಭಜನಾ ಪದ್ಧತಿಯಿಂದ ಜಿಪಿಟಿ ಎಂಬ ಹೊಸದಕ್ಕೆ ಪರಿವರ್ತಿಸಿದ ಮೇಲಷ್ಟೇ ಆ ಬದಲಾವಣೆ.

ಪ್ರೊಸೆಸರ್ ಹಳೆಯದು. ವಿಂಡೋಸ್ 11ರ ತಪಾಸಣೆಯನ್ನು ಬೈಪಾಸ್ ಮಾಡುವ ವಿಡಿಯೊ ನೋಡಿದೆ, ಮಾಡಲೇ?

ದುಡಿಯುವ ಕಂಪ್ಯೂಟರ್‌ನಲ್ಲಿ ಬೇಡ. ಮುಂದೆ ಅಪ್‌ಡೇಟ್ ಸಿಗುವ ಖಾತರಿಯಿಲ್ಲ. ಮೈಕ್ರೋಸಾಫ್ಟ್ ಖಾತೆಯೊಂದಿಗೆ ಸೆಟ್ಟಿಂಗ್ ಸಿಂಕ್ ಮಾಡಿದರೆ ವಿಂಡೋಸ್ 10ಕ್ಕೇ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ದೊರೆಯುವ ಯೋಜನೆ ಇದೆ, ಅದಕ್ಕೆ ಸೇರಿಕೊಳ್ಳಿ.

ದಿನಕ್ಕೆ ಎರಡು ಜಿಬಿ ಡೇಟಾದ ಮೊಬೈಲ್ ಹಾಟ್‌ಸ್ಪಾಟ್ ಬಳಸುತ್ತಿದ್ದೇನೆ. ಡೌನ್‌ಲೋಡ್ ಸೊನ್ನೆಯಿಂದ ಮೇಲೇಳುವುದೇ ಇಲ್ಲ.

ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಮಾಡುತ್ತಿದ್ದೀರಿ. ಕಡತ ಐದು ಜಿಬಿಗಿಂತ ದೊಡ್ಡದು, ನಿಮ್ಮ ದಿನದ ಡೇಟಾ ಎರಡು ಜಿಬಿ. ಬ್ರಾಡ್‌ಬ್ಯಾಂಡ್ ಇರುವ ಕಡೆ ಒಯ್ಯಿರಿ.

ನುಡಿ ತಂತ್ರಾಂಶದಲ್ಲಿ ಮಾಡಿದ ಹಳೆಯ ಕನ್ನಡ ಕಡತಗಳು ಹೊಸ ವಿಂಡೋಸ್‌ನಲ್ಲಿ ಹಾಳಾಗುತ್ತವೆಯೇ?

ಇಲ್ಲ. ಆದರೆ ಯಾರಾದರೂ ಫಾರ್ಮ್ಯಾಟ್ ಮಾಡಿ ಫಾಂಟ್ ಅಳಿಸಿದರೆ ಯೂನಿಕೋಡ್ ಅಲ್ಲದ ಆ ಕಡತಗಳಲ್ಲಿ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಫಾಂಟ್‌ಗಳ ಪ್ರತಿ ಇಟ್ಟುಕೊಳ್ಳಿ, ಬಿಡುವಾದಾಗ ಯೂನಿಕೋಡ್‌ಗೆ ಪರಿವರ್ತಿಸಿ.

ಅಪ್‌ಗ್ರೇಡ್ ನಡುವೆ 48 ಅಂಕಿಯ ಕೀ ಕೇಳುತ್ತಿದೆ.

ಅದು ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್‌ನದು. ಬೇರೆ ಫೋನ್‌ನಿಂದ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಹೋಗಿ ಹುಡುಕಿ. ಆ ಕೀ ಇಲ್ಲದೆ ಡೇಟಾ ತೆಗೆದುಕೊಡುತ್ತೇನೆ ಎನ್ನುವವನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಇನ್ನೂ ಶುರುಮಾಡದವರು ಈಗಲೇ ಕೀ ಬರೆದಿಟ್ಟುಕೊಂಡು, ಬಿಟ್‌ಲಾಕರ್ ಅನ್ನು ತಾತ್ಕಾಲಿಕವಾಗಿ ತಡೆಹಿಡಿಯಿರಿ.

ಮೈಕ್ರೋಸಾಫ್ಟ್‌ನಿಂದ ಫೋನ್ ಬಂತು, ನಿಂತ ಅಪ್‌ಗ್ರೇಡ್ ಸರಿಮಾಡಲು ಯಾವುದೋ ಆ್ಯಪ್ ಹಾಕಿಕೊಳ್ಳಲು ಹೇಳಿದರು.

ಮೈಕ್ರೋಸಾಫ್ಟ್ ಹಾಗೆ ತಾನಾಗಿ ಫೋನ್ ಮಾಡುವುದಿಲ್ಲ, ಅದು ವಂಚನೆ. ಆ್ಯಪ್ ಹಾಕಿಕೊಂಡಿದ್ದರೆ ಇಂಟರ್ನೆಟ್ ಕಿತ್ತು ಅದನ್ನು ತೆಗೆಯಿರಿ, ಪಾಸ್‌ವರ್ಡ್‌ಗಳನ್ನು ಬೇರೆ ಸಾಧನದಿಂದ ಬದಲಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.